ಅಟ್ಟದ ಕೋವಿಗೆ ಮನೆಯಲ್ಲೇ ತೋಟೆ: ಗಡಿನಾಡಿನ ಮನೆಗಳು ತಿಳಿದಿರಬೇಕಾದ ಸಂಗತಿ

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನ ಜೇಬಿನಲ್ಲಿ ಹಸಿರುಗಟ್ಟಿದ ಹಿತ್ತಾಳೆಯ ಪುಟ್ಟ ಕೊಳವೆಯೊಂದು ಸಿಕ್ಕಿತು. ಅಜ್ಜನ ಕಾಲದ ಕೋವಿಯೊಂದಿಗೆ ಅಟ್ಟದಲ್ಲಿದ್ದ ಖಾಲಿ ತೋಟೆ ಅದು. ಗದರಿಸದೆ ಕೇಳಿದೆವು. "ಇದನ್ನು ಮತ್ತೆ ತುಂಬಿಸಬಹುದಂತೆ, ಮೊಬೈಲಿನಲ್ಲಿ ತೋರಿಸುತ್ತಾರೆ. ಹಂದಿ ಬಂದರೆ ಅಪ್ಪನಿಗೆ ಉಪಯೋಗ" ಎಂದ. ಆ ಮಗುವಿನ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಇದ್ದದ್ದು ತೋಟ ಹಾಳಾದ ಮನೆಯ ಸಂಕಟ ಮತ್ತು ಬೇರೊಂದು ದೇಶದ ಹವ್ಯಾಸವನ್ನು ನಮ್ಮೂರಿಗೆ ಹೊಂದಿಸಿಕೊಂಡ ತಪ್ಪು ಲೆಕ್ಕ. ಈ ಎರಡನ್ನೂ ಕುರಿತು ಹೆತ್ತವರೊಂದಿಗೆ ಮಾತನಾಡುವುದು ನಮ್ಮ ಕರ್ತವ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ಮೊದಲಿಗೆ ಆ ವಸ್ತುವಿನ ವಿಚಾರ. ಹುಡುಗ ತಂದದ್ದು 'ರಿಮ್‌ಫೈರ್' ಜಾತಿಯ ತೋಟೆ. ಇದರ ಮೂಲ 1845ರಲ್ಲಿ ಪ್ಯಾರಿಸಿನ ಫ್ಲೋಬೇರ್ ಎಂಬಾತ ರೂಪಿಸಿದ ಸಣ್ಣ ಗುಂಡು. 1857ರಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಸಂಸ್ಥೆ .22 ಅಳತೆಯ ತೋಟೆಯನ್ನು ಮಾರುಕಟ್ಟೆಗೆ ತಂದಿತು. 1860ರ ಹೆನ್ರಿ ರೈಫಲ್, ಅಮೆರಿಕದ ಅಂತರ್ಯುದ್ಧದಲ್ಲಿ ಬಳಕೆಯಾದ ಸ್ಪೆನ್ಸರ್, ಸ್ವಿಟ್ಜರ್ಲೆಂಡಿನ ಸೇನೆಯ ವೆಟ್ಟರ್ಲಿ ಇವೆಲ್ಲ ದೊಡ್ಡ ಅಳತೆಯ ರಿಮ್‌ಫೈರ್ ಬಂದೂಕುಗಳು. ಕಾಲಕ್ರಮದಲ್ಲಿ ದೊಡ್ಡ ಅಳತೆಯ ತೋಟೆಗಳ ತಯಾರಿಕೆ ಬಹುಮಟ್ಟಿಗೆ ನಿಂತಿತು. ಉಳಿದುಕೊಂಡದ್ದು ಮುಖ್ಯವಾಗಿ .22. ನಮ್ಮ ಮಕ್ಕಳು ಎನ್‌ಸಿಸಿ ಶಿಬಿರದಲ್ಲಿ ಗುರಿಯಿಡಲು ಕಲಿಯುವುದೂ ಇದೇ ಅಳತೆಯ ರೈಫಲಿನಲ್ಲಿ.

ತೋಟೆ ಸಿಗದ ಹಳೆಯ ಬಂದೂಕನ್ನು ಸದ್ದು ಮಾಡಿಸುವ ಆಸೆಯಿಂದ ಅಮೆರಿಕದ ಸಂಗ್ರಾಹಕರು ಮನೆಯಲ್ಲೇ ತೋಟೆ ತಯಾರಿಸುತ್ತಾರೆ. ಅಲ್ಲಿನ 1968ರ ಕಾನೂನು 1898 ಹಾಗೂ ಅದಕ್ಕೂ ಹಿಂದಿನ ಬಂದೂಕುಗಳನ್ನು ಪುರಾತನ ವಸ್ತುಗಳೆಂದು ಪ್ರತ್ಯೇಕಿಸಿದೆ. ಸ್ವಂತ ಬಳಕೆಗೆ ತೋಟೆ ತುಂಬಿಸಿಕೊಳ್ಳುವುದಕ್ಕೆ ಕೇಂದ್ರದ ಪರವಾನಗಿ ಬೇಕಿಲ್ಲ. ಆದುದರಿಂದ ಅವರು ಅದನ್ನು ಚಿತ್ರೀಕರಿಸಿ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಆದರೆ ಪರದೆಯ ಮೇಲೆ ಆ ದೇಶದ ಕಾನೂನು ಕಾಣಿಸುವುದಿಲ್ಲ, ಕೈ ಮಾತ್ರ ಕಾಣಿಸುತ್ತದೆ.

ನಮ್ಮಲ್ಲಿ ಸ್ಥಿತಿ ಸಂಪೂರ್ಣ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ವಿಧಿಯಂತೆ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ತೋಟೆಯ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಇವೂ ಕಾಯ್ದೆಯ 'ಮದ್ದುಗುಂಡು' ಎಂಬ ವ್ಯಾಖ್ಯೆಯೊಳಗೆ ಬರುತ್ತವೆ. 2019ರ ತಿದ್ದುಪಡಿಯ ಬಳಿಕ ಇಂಥ ತಯಾರಿಕೆಗೆ ಕನಿಷ್ಠ 7 ವರ್ಷ ಸೆರೆ, ಗರಿಷ್ಠ ಜೀವಾವಧಿ ಶಿಕ್ಷೆ. ಪ್ರಾಚೀನ ಬಂದೂಕಿಗೆ ರಿಯಾಯಿತಿ ಇದೆಯೆಂದು ಕೆಲವರು ನಂಬಿದ್ದಾರೆ. ಇದೆ, ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದ ಬಂದೂಕಿಗೆ ಮಾತ್ರ. ತೋಟೆ ತುಂಬಿ ಸಿಡಿಸಬಲ್ಲ ಕೋವಿ ಎಷ್ಟು ಹಳೆಯದಾದರೂ ಕಾಯ್ದೆಯ ಕಣ್ಣಿಗೆ ಆಯುಧವೇ.

ನೆರೆಯ ಕೊಡಗಿನ ಉದಾಹರಣೆಯನ್ನು ಮುಂದಿಡುವವರೂ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2029ರ ಅಕ್ಟೋಬರ್ 31ರ ವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ತೋಟೆ ತಯಾರಿಸುವುದಕ್ಕಲ್ಲ. ಗಡಿ ದಾಟಿದ ಕಾಸರಗೋಡಿನ ತೋಟದ ಮನೆಗೆ ಅದು ಅನ್ವಯಿಸುವುದೂ ಇಲ್ಲ.

ಕಾನೂನಿಗಿಂತ ಮುಂಚೆ ಬರುವುದು ದೇಹದ ಪ್ರಶ್ನೆ. ಸಾಮಾನ್ಯ ತೋಟೆಯಲ್ಲಿ ಕಿಡಿ ಹೊತ್ತಿಸುವ 'ಕೇಪು' ನಡುವೆ ಪ್ರತ್ಯೇಕವಾಗಿ ಕೂರುತ್ತದೆ. ರಿಮ್‌ಫೈರಿನಲ್ಲಿ ಹಾಗಿಲ್ಲ, ಹೊಡೆತಕ್ಕೆ ಸಿಡಿಯುವ ರಾಸಾಯನಿಕವು ತೆಳುವಾದ ಅಂಚಿನ ಒಳಮಡಿಕೆಯಲ್ಲೇ ಇರುತ್ತದೆ. ಕುದುರೆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. ಒಮ್ಮೆ ಜಜ್ಜಿದ ಅಂಚು ಮೊದಲಿನಂತಾಗುವುದಿಲ್ಲ. ಇದನ್ನು ಒಂದೇ ಬಾರಿಯ ಬಳಕೆಗೆಂದೇ ಮಾಡಿದ್ದು. ಆ ರಾಸಾಯನಿಕಕ್ಕೆ ಪೆಟ್ಟು, ತಿಕ್ಕು, ಬಿಸಿ ಯಾವುದೂ ಸಹ್ಯವಲ್ಲ. ಹಿಂದೆ ಪಾದರಸದ, ಅನಂತರ ಸೀಸದ ಸಂಯುಕ್ತಗಳನ್ನು ಇದಕ್ಕೆ ಬಳಸಿದರು. ಸಿಡಿಯದೆ ಉಳಿದರೂ ಅವು ಮಕ್ಕಳ ದೇಹಕ್ಕೆ ವಿಷ. ಮೇಲಾಗಿ ನೂರು ವರ್ಷ ತೇವದ ಅಟ್ಟದಲ್ಲಿದ್ದ ಕಬ್ಬಿಣದ ನಳಿಕೆ ಒಳಗೆ ಎಷ್ಟು ತುಕ್ಕು ತಿಂದಿದೆಯೆಂದು ಹೊರನೋಟಕ್ಕೆ ತಿಳಿಯದು. ಒಡೆದರೆ ಅದು ಒಡೆಯುವುದು ಹಿಡಿದವನ ಮುಖದ ಹತ್ತಿರ, ಹಂದಿಯ ಹತ್ತಿರ ಅಲ್ಲ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತೆ. ಕೃಷಿಕ ಈ ದಾರಿಯನ್ನು ಏಕೆ ಯೋಚಿಸುತ್ತಾನೆ ಎಂಬುದೂ ಸುದ್ದಿಯೇ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ಮರಗೆಣಸು, ಬಾಳೆ, ಎಳೆಯ ಅಡಿಕೆ ಸಸಿಗಳ ಒಂದು ವರ್ಷದ ದುಡಿಮೆ ಮಣ್ಣುಪಾಲು. 2022ರಲ್ಲಿ ಕೇರಳ ಸರಕಾರ ಉಪದ್ರವಕಾರಿ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ಪರವಾನಗಿಯುಳ್ಳ ಕೋವಿದಾರರ ಮೂಲಕವೇ ಅದು ನಡೆಯಬೇಕು; ವಿಷ, ಸ್ಫೋಟಕ, ವಿದ್ಯುತ್ ಬಳಸುವಂತಿಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಸ್ಫೋಟಕವಿಟ್ಟ ತಿನಿಸನ್ನು ಕಚ್ಚಿ ಗರ್ಭಿಣಿ ಆನೆಯೊಂದು ಹೊಳೆಯಲ್ಲಿ ನಿಂತು ಸತ್ತ ದಾರುಣ ದೃಶ್ಯವನ್ನು ನಾವಾರೂ ಮರೆತಿಲ್ಲ. ಹಂದಿಗೆಂದು ಇಟ್ಟ ಮದ್ದು ಹಂದಿಯನ್ನೇ ಆರಿಸಿಕೊಳ್ಳುವುದಿಲ್ಲ. ದನಕ್ಕೂ ನಾಯಿಗೂ ಶಾಲೆಗೆ ಅಡ್ಡದಾರಿ ಹಿಡಿದ ಮಗುವಿಗೂ ಅದು ಒಂದೇ.

ಅಂದರೆ ಕಾನೂನುಬದ್ಧ ದಾರಿಯಿದೆ. ಆ ದಾರಿಯ ಫಲಕ ಯಾವ ಭಾಷೆಯಲ್ಲಿದೆ ಎಂಬುದು ನಮ್ಮ ಪ್ರಶ್ನೆ. ಆ ಹುಡುಗನ ತಾಯಿ ಶಾಲೆಗೆ ಬಂದಾಗ ತಿಳಿದದ್ದಿಷ್ಟು: ಕೋವಿಯ ಪರವಾನಗಿ ಅಜ್ಜನ ಹೆಸರಿನಲ್ಲಿತ್ತು, ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿಲ್ಲ, ಕಚೇರಿಯಿಂದ ಬಂದ ಕಾಗದ ಮಲಯಾಳದಲ್ಲಿದ್ದುದರಿಂದ ಓದದೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಠಾಣೆಗೆ ಹೋದರೆ ಮೊಕದ್ದಮೆಯಾದೀತೆಂಬ ಭಯ ಬೇರೆ. 1956ರ ನವೆಂಬರ್ 1ಕ್ಕೆ ಮೊದಲು ಈ ಮನೆಗಳ ಕಾಗದಪತ್ರ ದಕ್ಷಿಣ ಕನ್ನಡ ಜಿಲ್ಲಾಡಳಿತದ ಕೆಳಗೆ ನಡೆಯುತ್ತಿತ್ತು. ಗೆರೆ ಸರಿದು ಏಳು ದಶಕವಾದರೂ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ನಾಮಫಲಕಕ್ಕೆ, ಪಠ್ಯಪುಸ್ತಕಕ್ಕೆ ಮಾತ್ರ ಸೀಮಿತವಲ್ಲ. ಪ್ರಾಣಾಪಾಯದ ಎಚ್ಚರಿಕೆ ಅರ್ಥವಾಗುವ ಭಾಷೆಯಲ್ಲಿ ತಲಪದಿದ್ದರೆ ಅದು ಎಚ್ಚರಿಕೆಯೇ ಅಲ್ಲ. ಮೊಬೈಲಿನ ಪರದೆ ಭಾಷೆಯ ಹಂಗಿಲ್ಲದೆ ಅಪಾಯವನ್ನು ಕಲಿಸುತ್ತಿರುವಾಗ ಕಚೇರಿ ಮೌನವಾಗಿರುವುದು ಸಲ್ಲದು.

ಹೆತ್ತವರಲ್ಲಿ ನಮ್ಮ ಬಿನ್ನಹ ಇಷ್ಟೇ. ಅಟ್ಟದಲ್ಲಿ, ಪತ್ತಾಯದಲ್ಲಿ ಹಳೆಯ ಕೋವಿಯೋ ತೋಟೆಯೋ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಮಾಡಿ. ಹಳೆಯ ತೋಟೆಯನ್ನು ಬಿಚ್ಚಬೇಡಿ, ಬೆಂಕಿಗೆ ಹಾಕಬೇಡಿ, ಬಾವಿಗೂ ಎಸೆಯಬೇಡಿ. ಪರವಾನಗಿದಾರರು ತೀರಿಕೊಂಡಿದ್ದರೆ ತಡಮಾಡದೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಲು ಕಾಯ್ದೆಯ 21ನೆಯ ವಿಧಿಯಲ್ಲಿ ಅವಕಾಶವಿದೆ. ಮೊದಲು ಠಾಣೆಗೆ ತಿಳಿಸಿ, ವಾರ್ಡು ಸದಸ್ಯರನ್ನೋ ವಕೀಲರನ್ನೋ ಜೊತೆಗೂಡಿಸಿಕೊಂಡು ಹೋಗಿ, ರಶೀದಿ ಪಡೆಯಿರಿ. ಅರ್ಹ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಸಲ್ಲಿಸಬಹುದು. 21 ವರ್ಷ ತುಂಬಿರಬೇಕು. ಹಂದಿಯ ಉಪಟಳವಿದ್ದರೆ ಪಂಚಾಯತಿಗೆ ಲಿಖಿತ ದೂರು ಕೊಡಿ, ಕನ್ನಡದಲ್ಲೇ ಕೊಡಿ. ಬರೆದುಕೊಡಲು ಶಾಲೆಗಳ ಅಧ್ಯಾಪಕರಾದ ನಾವಿದ್ದೇವೆ.

ಆಡಳಿತದಲ್ಲಿಯೂ ಒಂದು ಬೇಡಿಕೆ: ಕೋವಿ ಪರವಾನಗಿಯ ನೋಟಿಸು, ಒಪ್ಪಿಸುವ ನಮೂನೆ, ಹಂದಿ ಹಾವಳಿಯ ಅರ್ಜಿ ಈ ಮೂರು ಕಾಗದಗಳು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲೂ ದೊರೆಯಲಿ. ಇದಕ್ಕೆ ಹೊಸ ಶಾಸನ ಬೇಕಿಲ್ಲ, ಇರುವ ಶಾಸನದ ಪಾಲನೆ ಸಾಕು.

ಆ ಮನೆಯವರು ಕೊನೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಮಲಯಾಳದ ನಮೂನೆಯನ್ನು ನಾವು ಓದಿ ಹೇಳಿದೆವು, ತಾಯಿ ಕನ್ನಡದಲ್ಲಿ ಸಹಿ ಹಾಕಿದರು. ಹಂದಿ ಈಗಲೂ ಬರುತ್ತಿದೆ. ಪಂಚಾಯತಿಗೆ ಕೊಟ್ಟ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಆದರೆ ಹುಡುಗ ಹತ್ತೂ ಬೆರಳುಗಳೊಡನೆ ತರಗತಿಯಲ್ಲಿ ಕುಳಿತಿದ್ದಾನೆ. ಆ ಉತ್ತರವನ್ನು ನಾವು ಕೇಳುತ್ತಲೇ ಇರುತ್ತೇವೆ.