ಕೋರ್ಟಿನ ದಫ್ತರವು ಯಾರ ಸ್ವತ್ತು?

ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯವನ್ನು ನೋಡಿದವರು ಅಲ್ಲಿಯ ಶಿಲಾಶಾಸನಗಳನ್ನೂ ನೋಡಿರುವರು. ಇಂಥ ಶಾಸನಗಳಲ್ಲಿ ನಮ್ಮ ಪೂರ್ವಿಕರು ಏನನ್ನು ಬರೆಯಿಸುತ್ತಿದ್ದರು? ಭೂಮಿ ಯಾವುದು, ಕೊಟ್ಟವರಾರು, ಪಡೆದವರಾರು, ಎಲ್ಲೆಗಳಾವುವು ಎಂಬುದನ್ನು ಕನ್ನಡದಲ್ಲಿ ಕೊರೆಯಿಸಿ, ಊರೆಲ್ಲ ನಡೆದಾಡುವ ಸ್ಥಳದಲ್ಲಿ ನಿಲ್ಲಿಸಿ, ಇದನ್ನು ಅಳಿಸಿದವನಿಗೆ ಪಾಪ ತಟ್ಟಲೆಂದು ಕೊನೆಗೆ ಶಪಿಸುತ್ತಿದ್ದರು. ಭೂಮಿಯ ಹಕ್ಕಿನ ದಾಖಲೆಯು ಜನರ ಕಣ್ಣೆದುರಿಗೆ, ಜನರ ನುಡಿಯಲ್ಲಿ, ಅಳಿಯದಂತೆ ಇರತಕ್ಕದ್ದೆಂಬುದು ಅವರ ಮತವಾಗಿತ್ತು.

ಇಂದು ಅದೇ ಊರಿನ ರೈತನ ಹೊಲದ ಹಕ್ಕು ಕೋರ್ಟಿನ ದಫ್ತರಖಾನೆಯಲ್ಲಿ ಅರಿವೆಯ ಗಂಟಿನೊಳಗೆ ಕುಳಿತಿದೆ. ಅವನ ಅಜ್ಜನು ವಾಟಣಿಯ ದಾವೆ ಹೂಡಿ ಗೆದ್ದನೆಂದು ಭಾವಿಸೋಣ. ಅಜ್ಜನು ತೀರಿಕೊಂಡನು, ಮನೆಯಲ್ಲಿದ್ದ ಹುಕುಮನಾಮೆಯ ನಕಲು ಗೆದ್ದಲಿನ ಪಾಲಾಯಿತು, ನೆರೆಯವನು ಎಲ್ಲೆಯನ್ನು ಒತ್ತಿದನು. ಮೊಮ್ಮಗನು ಬಸ್ಸು ಹತ್ತಿ ಹಿರೇಕೆರೂರಿನ ಕೋರ್ಟಿಗೆ ಹೋದರೆ ಕಾರಕೂನರು ಕೇಳುವ ಮೊದಲನೆಯ ಮಾತೇ ಇದು: ದಾವೆಯ ನಂಬರೇನು? ಯಾವ ವರ್ಷದ್ದು? ಅವನಿಗೆ ಎರಡೂ ಗೊತ್ತಿಲ್ಲ. ಕಾರಕೂನರನ್ನು ನಾವು ದೂಷಿಸುವುದಿಲ್ಲ. ನಂಬರಿಲ್ಲದೆ ಸಾವಿರಾರು ಗಂಟುಗಳಲ್ಲಿ ಒಂದನ್ನು ಹುಡುಕುವುದು ಯಾರಿಂದಲೂ ಆಗದು. ಆದರೆ ಆ ನಂಬರನ್ನು ಕಂಡುಕೊಳ್ಳುವ ದಾರಿಯನ್ನು ಅವನಿಗೆ ಹೇಳುವವರಾರು? ಕೋರ್ಟಿನ ಹೊರಗೆ ಮರದ ನೆಳಲಿನಲ್ಲಿ ಕುಳಿತ ದಲಾಲನು ಹೇಳುವನು. ಹೇಳಿದ್ದಕ್ಕೆ ಕೂಲಿಯನ್ನೂ ಕೇಳುವನು. ತನ್ನದೇ ಹಕ್ಕಿಗಾಗಿ ರೈತನು ಎರಡು ಸಲ ಬೆಲೆ ತೆರುವನು. ನಮ್ಮ ಆಕ್ಷೇಪಣೆಯೆಲ್ಲ ಇದಕ್ಕೇ.

ಈ ತೊಡಕಿಗೆ ನಮ್ಮ ನಾಡಿನ ಚರಿತ್ರೆಯೂ ಕಾರಣವಾಗಿದೆ. 1764ರಲ್ಲಿ ಹೈದರನ ದಂಡೂ ಪೇಶವೆ ಮಾಧವರಾಯರ ದಂಡೂ ಕಾದಿದುದು ಇದೇ ರಟ್ಟೀಹಳ್ಳಿಯಲ್ಲಿ. ಪೇಶವೆಯರ ಆಳಿಕೆಯು 1818ರಲ್ಲಿ ಮುಗಿದ ಮೇಲೂ ಧಾರವಾಡದ ಕಚೇರಿಗಳಲ್ಲಿ ಮರಾಠಿಯೇ ಉಳಿಯಿತು. ಕನ್ನಡ ರೈತನ ಕಾಗದಗಳು ಮೋಡಿ ಲಿಪಿಯಲ್ಲಿ ಬರೆಯಲ್ಪಟ್ಟವು. ಆಗ ಈ ಊರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯ ಕೋಡ ತಾಲೂಕಿನಲ್ಲಿತ್ತು. ಅದೇ ತಾಲೂಕು ಮುಂದೆ ಹಿರೇಕೆರೂರ ತಾಲೂಕೆನಿಸಿತು. 1956ರ ನವೆಂಬರ 1ರಂದು ಕರ್ನಾಟಕವು ಒಂದುಗೂಡುವವರೆಗೆ ಇಲ್ಲಿಯ ದಾವೆಗಳ ಮೇಲುಮನವಿಗಳು ಮುಂಬಯಿಯ ಹೈಕೋರ್ಟಿಗೆ ಹೋಗುತ್ತಿದ್ದವು. ಆಮೇಲೆ ಬೆಂಗಳೂರಿಗೆ ಹೋದವು. 2008ರಲ್ಲಿ ಧಾರವಾಡದಲ್ಲಿ ಪೀಠವಾದ ತರುವಾಯ ಅಲ್ಲಿಗೆ ಹೋಗುತ್ತಿವೆ. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು; ಈಚೆಗೆ ರಟ್ಟೀಹಳ್ಳಿಯೇ ತಾಲೂಕಾಯಿತು. ಹೀಗೆ ಒಂದೇ ಮನೆತನದ ಒಂದೇ ಹೊಲದ ವ್ಯಾಜ್ಯವು ನಾಲ್ಕು ಊರುಗಳಲ್ಲಿ, ಮೂರು ನುಡಿಗಳಲ್ಲಿ ಹರಿದು ಹಂಚಿಹೋಗಿರಬಹುದು. ನಾಡು ಒಂದಾಯಿತು, ನಾಡಿನ ದಫ್ತರವು ಇನ್ನೂ ಒಂದಾಗಲಿಲ್ಲ!

ಹಾಗಾದರೆ ಹಕ್ಕೇ ಇಲ್ಲವೆ? ಇದೆ. ಜನರಿಗೆ ನೋಡಲು ಅಧಿಕಾರವುಳ್ಳ ಸಾರ್ವಜನಿಕ ದಸ್ತಾವೇಜಿನ ನಕಲನ್ನು, ಕೇಳಿದವನಿಗೆ ಗೊತ್ತಾದ ಫೀ ಪಡೆದು ಸಹಿಶಿಕ್ಕೆಗಳೊಡನೆ ಕೊಡಲೇಬೇಕೆಂದು 1872ರ ಸಾಕ್ಷ್ಯ ಕಾಯದೆಯ 76ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 75ನೆಯ ಕಲಮೂ ಅದನ್ನೇ ಹೇಳುತ್ತದೆ. ದಾವೆಯ ಪಕ್ಷಗಾರನು ನೇರವಾಗಿ ನಕಲಿನ ಅರ್ಜಿ ಕೊಡಬಹುದು. ಹೊರಗಿನವನು ತನಗೇಕೆ ಬೇಕೆಂಬ ಕಾರಣವನ್ನು ಪ್ರಮಾಣಪೂರ್ವಕವಾಗಿ ತಿಳಿಸಿ ಕೋರ್ಟಿನ ಅಪ್ಪಣೆ ಪಡೆಯಬೇಕು. ಮಾಹಿತಿ ಹಕ್ಕಿನ ಕಾಯದೆಯಿಂದ ಇದನ್ನು ಪಡೆಯುವೆವೆಂದು ಹೊರಟವರು ತಿಳಿದಿರಲಿ: ಕೋರ್ಟಿನ ಕಡತಗಳ ನಕಲಿಗೆ ಕೋರ್ಟಿನ ನಿಯಮಗಳ ದಾರಿಯನ್ನೇ ಹಿಡಿಯತಕ್ಕದ್ದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿದೆ.

ನಂಬರು ತಿಳಿಯದವನು ಮೊದಲು ಕೋರ್ಟಿಗೆ ಹೋಗಲಾಗದು. ತಹಶೀಲ ಕಚೇರಿಗೆ ಹೋಗಬೇಕು. ಹುಕುಮನಾಮೆಯಿಂದ ಹೊಲದ ಹಕ್ಕು ಬದಲಾಗಿದ್ದರೆ ಹಕ್ಕು ಬದಲಾವಣೆಯ ವಹಿಯಲ್ಲಿ ಆ ದಾವೆಯ ಉಲ್ಲೇಖವು ಸಿಕ್ಕುವ ಸಂಭವವುಂಟು. ಕೋರ್ಟಿನ ಹೆಸರು, ದಾವೆಯ ನಂಬರು, ವರ್ಷ, ವಾದಿ ಪ್ರತಿವಾದಿಗಳ ಹೆಸರು, ತೀರ್ಪಿನ ತಾರೀಖು, ಈ ಐದನ್ನು ಅರ್ಜಿಯಲ್ಲಿ ಬರೆದವನನ್ನು ಯಾವ ದಲಾಲನೂ ಆಟವಾಡಿಸಲಾರನು. ಸೋತವನಂತೂ ತಡಮಾಡಲೇಬಾರದು. ಮೇಲುಮನವಿಗೆ ಜಿಲ್ಲಾ ಕೋರ್ಟಿನಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನ. ನಕಲು ಸಿದ್ಧವಾಗಲು ಬೇಕಾದ ಕಾಲವನ್ನು 1963ರ ಅವಧಿ ಕಾಯದೆಯ 12ನೆಯ ಕಲಮು ಬಿಟ್ಟುಕೊಡುತ್ತದೆ. ಆದರೆ ಅರ್ಜಿಯನ್ನೇ ಕೊಡದೆ ಕುಳಿತ ದಿನಗಳನ್ನು ಯಾವ ಕಾಯದೆಯೂ ಬಿಟ್ಟುಕೊಡದು.

ಇನ್ನೊಂದು ಅಪಾಯವನ್ನು ನಮ್ಮವರು ಅರಿತೇ ಇಲ್ಲ. ಹಳೆಯ ಕಡತಗಳನ್ನು ನಾಶಮಾಡಲು ಹೈಕೋರ್ಟುಗಳು ನಿಯಮ ರಚಿಸಬಹುದೆಂದು 1917ರಲ್ಲಿಯೇ ಕಾಯದೆಯಾಗಿದೆ. ಎಲ್ಲ ಕಾಗದಗಳೂ ಎಂದೆಂದಿಗೂ ಉಳಿಯಲಾರವು. ಅಜ್ಜನು ಸಾಕ್ಷ್ಯಕ್ಕೆಂದು ಹಾಜರುಪಡಿಸಿದ ಅಸಲು ಖರೀದಿಪತ್ರವು ಆ ಗಂಟಿನಲ್ಲಿಯೇ ಇದ್ದೀತು. ವ್ಯಾಜ್ಯವು ಪೂರ್ತಿಯಾಗಿ ತೀರಿದ ಮೇಲೆ ಅಂಥ ಪತ್ರವನ್ನು ಮರಳಿ ಪಡೆಯಲು ಸಿವಿಲ್ ಪ್ರಕ್ರಿಯೆಯ ಸಂಹಿತೆಯ 13ನೆಯ ಆದೇಶವು ಹಕ್ಕು ಕೊಡುತ್ತದೆ, ಕೇಳುವವರೆಷ್ಟು ಮಂದಿ? ಕಲ್ಲಿನ ಶಾಸನವನ್ನು ಶಾಪವಾದರೂ ಕಾಯುತ್ತಿತ್ತು. ಕಾಗದವನ್ನು ಕಾಯುವುದು ಒಡೆಯನ ಎಚ್ಚರವೊಂದೇ.

ರೈತನಿಗೇಕೆ ಈ ಗೊಡವೆ, ವಕೀಲರಿಲ್ಲವೆ? ಎಂದು ಕೆಲವರು ಕೇಳುವರು. ವಾದಿಸಲು ವಕೀಲರು ಬೇಕು, ನಿಜ. ಆದರೆ ತನ್ನ ಅಜ್ಜನ ತೀರ್ಪಿನ ನಕಲನ್ನು ಕೇಳುವುದು ವಾದವಲ್ಲ. ಈಗ ಎಲ್ಲವೂ ಗಣಕಯಂತ್ರದಲ್ಲಿದೆಯಲ್ಲ? ಎಂದು ಬೇರೆ ಕೆಲವರು ಹೇಳುವರು. 2007ರಲ್ಲಿ ಆರಂಭವಾದ ಇ-ಕೋರ್ಟು ಯೋಜನೆಯು ಉಪಕಾರವನ್ನೇ ಮಾಡಿದೆ. ಪ್ರತಿ ದಾವೆಗೂ 16 ಅಕ್ಷರಾಂಕಗಳ ಗುರುತು ದೊರೆತು, ಪಕ್ಷಗಾರನ ಹೆಸರಿನಿಂದಲೂ ಹುಡುಕಲು ಬರುತ್ತದೆ. ಆದರೆ ಯಂತ್ರದೊಳಗೆ ಸೇರಿಸಿದ್ದನ್ನಷ್ಟೇ ಯಂತ್ರವು ತೋರಿಸೀತು. ಅಜ್ಜನ ಕಾಲದ ಗಂಟನ್ನು ಬಿಚ್ಚಿ ಅದಕ್ಕೆ ಉಣಿಸಿದವರಾರು?

ಕಾನೂನಿಗೆ ಕನ್ನಡವು ಸಾಲದೆಂಬ ಮಾತಂತೂ ಕೇಳಿ ಕೇಳಿ ಹಳಸಿದೆ. ಶಾಲೆಗೆ ಕನ್ನಡ ಸಾಲದೆಂದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶಾಲೆಗಳಲ್ಲಿ ಕನ್ನಡವನ್ನು ನಿಲ್ಲಿಸಿದರು, 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲಿ ತೀರ್ಪು ಬರೆಯಲು ಕಾನೂನಿನ ಅಡ್ಡಿಯಿಲ್ಲ. ಸಂವಿಧಾನದ 348ನೆಯ ಅನುಚ್ಛೇದವು ಹೈಕೋರ್ಟಿನಲ್ಲಿ ಇಂಗ್ಲೀಷನ್ನಿಟ್ಟಿದೆಯಾದರೂ ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರಗಳು ತಮ್ಮ ಹೈಕೋರ್ಟುಗಳಲ್ಲಿ ಹಿಂದಿಗೆ ಒಪ್ಪಿಗೆ ಪಡೆದಿವೆ. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲಿಯೂ ತೀರ್ಪನ್ನು ಕೊಟ್ಟಿತು. ನುಡಿಯಲ್ಲಿ ಕೊರತೆಯಿಲ್ಲ, ನಮ್ಮ ಮನಸ್ಸಿನಲ್ಲಿದೆ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು, ನಕಲಿನ ಫೀ ಎಷ್ಟು, ಅರ್ಜಿಯ ಮಾದರಿ ಯಾವುದು, ಎಷ್ಟು ದಿನಗಳಲ್ಲಿ ದೊರೆಯುವುದು ಎಂಬುದನ್ನು ಪ್ರತಿ ತಾಲೂಕಿನ ಕೋರ್ಟಿನ ಬಾಗಿಲಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಹಾಕತಕ್ಕದ್ದು. ಎರಡನೆಯದು, ತೀರಿದ ದಾವೆಗಳ ಯಾದಿಯನ್ನು ಊರು ಮತ್ತು ಹೆಸರುಗಳ ಅನುಕ್ರಮದಲ್ಲಿ ಕನ್ನಡದಲ್ಲಿ ಸಿದ್ಧಪಡಿಸಿ ತಾಲೂಕಿನಲ್ಲಿ ನೋಡಲು ಇಡತಕ್ಕದ್ದು. ಕಡತಗಳನ್ನು ನಾಶಮಾಡುವ ಮೊದಲು ಆಯಾ ಊರಿನ ಪಂಚಾಯತಿಯಲ್ಲಿ ಡಂಗುರ ಸಾರಿಸತಕ್ಕದ್ದು. ಮೂರನೆಯದು, ಕನ್ನಡಿಗರ ಹೊಲಮನೆಗಳ ತೀರ್ಪಿನ ಪ್ರತಿಯು ಕನ್ನಡದಲ್ಲಿ ದೊರೆಯತಕ್ಕದ್ದು.

ಶಿಕ್ಷಕ ಮಹಾಶಯರಲ್ಲಿ ಒಂದು ಬಿನ್ನಹ. ರಜೆಯ ಅರ್ಜಿ ಬರೆಯಲು ನೀವು ಮಕ್ಕಳಿಗೆ ಕಲಿಸುತ್ತೀರಿ. ಅದರೊಡನೆ ನಕಲಿನ ಅರ್ಜಿಯನ್ನೂ ಬರೆಯಲು ಕಲಿಸಿರಿ. ಇಂದು ಆ ಐದು ವಿವರಗಳನ್ನು ಹಲಗೆಯ ಮೇಲೆ ಬರೆದುಕೊಂಡ ಹುಡುಗನೇ ನಾಳೆ ತನ್ನ ಅಜ್ಜನ ಹುಕುಮನಾಮೆಯನ್ನು ಕೈಯಲ್ಲಿ ಹಿಡಿದು ಕೋರ್ಟಿನ ಮೆಟ್ಟಲಿಳಿದು ಬಂದಾನು. ಅದನ್ನು ಅವನು ತಾನೇ ಓದಿ ತನ್ನ ತಾಯಿಗೆ ಅರ್ಥ ಹೇಳಿದ ದಿನವೇ ಏಕೀಕರಣವು ರಟ್ಟೀಹಳ್ಳಿಯನ್ನು ಮುಟ್ಟಿತೆಂದು ನಾವು ತಿಳಿಯುವೆವು.