ಟ್ಯಾಟೂ ಹಾಕಿಸಿದ ಜಾಗ ಊದಿಕೊಂಡರೆ ಯಾರನ್ನು ಕೇಳಬೇಕು? ಕಾನೂನಿನಲ್ಲೇ ಉತ್ತರವಿಲ್ಲ!

ಹೈದರಾಬಾದಿನ ಮಾದಾಪುರದಲ್ಲಿ (ಕೊಡಗಿನದ್ದಲ್ಲ, ಹೈಟೆಕ್ ಸಿಟಿ ಇರುವ ಮಾದಾಪುರ) ಐಟಿ ಕೆಲಸಕ್ಕೆಂದು ಹೋಗಿ ನೆಲೆಸಿದ ಕಲಬುರಗಿ, ಬೀದರ್, ರಾಯಚೂರು ಕಡೆಯ ಯುವಕ-ಯುವತಿಯರಿಗೆ ಕೊರತೆಯಿಲ್ಲ. ವೀಕೆಂಡ್‌ನಲ್ಲಿ ಟ್ಯಾಟೂ ಹಾಕಿಸಿಕೊಳ್ಳುವುದು ಅಲ್ಲಿ ಸಿನಿಮಾಗೆ ಹೋದಷ್ಟೇ ಸಲೀಸು. ವಾರ ಕಳೆದು ಆ ಜಾಗ ಊದಿಕೊಂಡರೆ ಮಾತ್ರ ಗೊಂದಲ ಶುರು. ಸ್ಟುಡಿಯೋದವರು ಸಾಮಾನ್ಯವಾಗಿ ಹೇಳುವುದು ಒಂದೇ: 'ಹಂಗೇ ಆಗುತ್ತೆ, ಕ್ರೀಮ್ ಹಚ್ಚಿ.'

ಈ ವಿಷಯ ಕರ್ನಾಟಕದಲ್ಲಿ ಸುದ್ದಿಯಾಗಿದ್ದು 2025ರ ಫೆಬ್ರವರಿ ಕೊನೆಯಲ್ಲಿ. ಟ್ಯಾಟೂ ಇಂಕ್ ಮಾದರಿಗಳ ಪರೀಕ್ಷೆಯಲ್ಲಿ ಸೆಲೆನಿಯಂ, ಕ್ರೋಮಿಯಂ, ಪ್ಲಾಟಿನಂ, ಆರ್ಸೆನಿಕ್ ಸೇರಿದಂತೆ 22 ಲೋಹಗಳು ಕಂಡುಬಂದಿವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದರು. ಇಂಕ್‌ಗೆ ಬಿಐಎಸ್ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಪತ್ರ ಬರೆಯುವುದಾಗಿಯೂ ತಿಳಿಸಿದ್ದರು. ಆ ಸುದ್ದಿ ಬಂದ ದಿನ ನಮ್ಮ ಡೆಸ್ಕ್‌ನಲ್ಲೇ ಇಬ್ಬರು ತೋಳು ಮಡಚಿ ನೋಡಿಕೊಂಡಿದ್ದರು.

ಕಾನೂನು ಏನು ಹೇಳುತ್ತೆ?

ಇಲ್ಲೊಂದು ವಿಚಿತ್ರವಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ, ಅಂದ ಹೆಚ್ಚಿಸಲು ದೇಹಕ್ಕೆ ಹಚ್ಚುವುದಷ್ಟೇ ಅಲ್ಲ, ದೇಹದ 'ಒಳಗೆ ಸೇರಿಸುವ' ವಸ್ತುವೂ ಸೌಂದರ್ಯವರ್ಧಕವೇ. ಓದಿದರೆ ಟ್ಯಾಟೂ ಇಂಕ್‌ಗೇ ಬರೆದಂತಿದೆ. ಆದರೂ ಲಿಪ್‌ಸ್ಟಿಕ್‌ಗೆ ಇರುವ ತಪಾಸಣೆ ಈ ಇಂಕ್‌ಗೆ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜನವರಿ 4ರಿಂದ ಟ್ಯಾಟೂ ಇಂಕ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರ್ಬಂಧ ಜಾರಿಯಲ್ಲಿದೆ.

ಸ್ಟುಡಿಯೋ ಸ್ವಚ್ಛವಾಗಿದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಅಮೆರಿಕದ ರಾಚೆಸ್ಟರ್ ನಗರದಲ್ಲಿ 2011ರಲ್ಲಿ ಒಬ್ಬನೇ ಕಲಾವಿದನ ಬಳಿ ಟ್ಯಾಟೂ ಹಾಕಿಸಿಕೊಂಡ 19 ಮಂದಿಗೆ ಬೂದು ಬಣ್ಣದ ಜಾಗದಲ್ಲಿ ಗುಳ್ಳೆ ಎದ್ದವು. ಕಾರಣ, ಕ್ಷಯದ ರೋಗಾಣುವಿನ ದೂರದ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಚೆಲೋನೆ ಎಂಬ ಬ್ಯಾಕ್ಟೀರಿಯಾ. ಅದು ಸಿಕ್ಕಿದ್ದು ಇನ್ನೂ ಸೀಲ್ ತೆಗೆಯದ ಇಂಕ್ ಬಾಟಲಿಯಲ್ಲಿ! ಗ್ಲೌಸ್ ಹಾಕಿ, ಹೊಸ ಸೂಜಿ ಬಳಸಿದರೂ ಇದನ್ನು ತಡೆಯಲಾಗದು.

ಯಾವಾಗ ಶುರುವಾಯಿತು ಎಂಬುದೇ ಸುಳಿವು

ಮೊದಲ ಎರಡು-ಮೂರು ದಿನ ಕೆಂಪಾಗುವುದು, ತಿಳಿ ನೀರು ಒಸರುವುದು, ಆಮೇಲೆ ಹೊಪ್ಪಳೆ ಉದುರುವುದು ಸಹಜ. ನೋವು ಕಡಿಮೆಯಾಗುವ ಬದಲು ದಿನೇ ದಿನೇ ಏರುತ್ತಿದ್ದರೆ, ಕೀವು ಬಂದರೆ ಅದು ಬ್ಯಾಕ್ಟೀರಿಯಾ ಸೋಂಕಿರಬಹುದು. ಜ್ವರ ಬಂದರೆ ಅಥವಾ ಕೆಂಪು ಗೆರೆಗಳು ಮೇಲಕ್ಕೆ ಹರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಲ್ಲ ಮಾಗಿ ಕೆಲವು ವಾರಗಳಾದ ಮೇಲೆ ಸಣ್ಣ ಗುಳ್ಳೆಗಳು ಎದ್ದರೆ ರಾಚೆಸ್ಟರ್ ಮಾದರಿಯ ಸೋಂಕಿನ ಅನುಮಾನ ಬರಬೇಕು. ಇದಕ್ಕೆ ಐದು ದಿನದ ಮಾಮೂಲಿ ಆ್ಯಂಟಿಬಯೋಟಿಕ್ ಸಾಕಾಗುವುದಿಲ್ಲ. ಚರ್ಮದ ಚೂರು ತೆಗೆದು ಬಯಾಪ್ಸಿ, ಕಲ್ಚರ್ ಮಾಡಿಸಬೇಕು, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬಹುದು.

ಅಲರ್ಜಿಯ ಕಥೆ ಬೇರೆ. ಅದು ಹೆಚ್ಚಾಗಿ ಕೆಂಪು ಬಣ್ಣದಲ್ಲಿ ಬರುತ್ತದೆ, ತಿಂಗಳುಗಳಲ್ಲ, ವರ್ಷಗಳ ನಂತರವೂ. ಆ ಬಣ್ಣದ ಗೆರೆಯಷ್ಟೇ ದಪ್ಪಗಾಗಿ ತುರಿಸುತ್ತದೆ. ಅಳಿಸಿಬಿಡೋಣ ಎಂದು ಲೇಸರ್‌ಗೆ ಓಡಿದರೆ ಬಣ್ಣದ ಕಣಗಳು ಒಡೆದು ಅಲರ್ಜಿ ಮೈಯೆಲ್ಲ ಹರಡುವ ಅಪಾಯವಿದೆ. ಹಾಗಾಗಿ ಮೊದಲು ಚರ್ಮರೋಗ ತಜ್ಞರ ಮಾತು ಕೇಳಿ.

ಬಹುತೇಕರು ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ. ಅಲ್ಲಿ ಚೀಟಿಯಿಲ್ಲದೇ ಸ್ಟೀರಾಯ್ಡ್ ಬೆರೆತ ಟ್ಯೂಬ್ ಸಿಗುತ್ತದೆ. ಹಚ್ಚಿದರೆ ಎರಡು ದಿನ ಕೆಂಪು ಇಳಿಯುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಿದೆ. ಕೌಂಟರ್‌ನಲ್ಲಿ ಅದನ್ನು ಕೇಳುವವರು ಕಡಿಮೆ.

ಸೂಜಿ ಹೊಸದೋ ಹಳೆಯದೋ ಎಂಬ ಅನುಮಾನವಿದ್ದರೆ ಮಾತು ಇನ್ನೂ ಗಂಭೀರ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಚರ್ಮದ ಮೇಲೆ ಕಾಣುವುದಿಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಇದೇ ಕಾರಣಕ್ಕೆ ನಮ್ಮ ದೇಶದಲ್ಲಿ ಟ್ಯಾಟೂ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತದಾನ ಪಡೆಯುವುದಿಲ್ಲ. ಹೆಪಟೈಟಿಸ್ ಬಿಗೆ ಲಸಿಕೆಯಿದೆ, ಟ್ಯಾಟೂಗೆ ಮುನ್ನವೇ ಪಡೆಯಬಹುದು.

ಬೆಂಗಳೂರಿನ ನಿಯಮ ಮಾದಾಪುರಕ್ಕೆ ಸಲ್ಲದು

ಕರ್ನಾಟಕ ನಾಳೆಯೇ ಸ್ವಂತ ನಿಯಮ ತಂದರೂ ಮಾದಾಪುರದಲ್ಲಿ ಕೂತ ಬೀದರ್ ಹುಡುಗನಿಗೆ ಅದರಿಂದ ಪ್ರಯೋಜನವಿಲ್ಲ. ಇಂಕ್ ಬಾಟಲಿ ರಾಜ್ಯದ ಗಡಿ ನೋಡುವುದಿಲ್ಲ, ಆದ್ದರಿಂದ ಮಾನದಂಡ ಕೇಂದ್ರದಿಂದಲೇ ಬರಬೇಕು ಎಂಬ ಸಚಿವರ ವಾದ ಸರಿ. ಆದರೆ ಅದು ಅರ್ಧ ಕೆಲಸ. ಸೂಜಿ, ಗ್ಲೌಸ್, ಇಂಕ್‌ಗೆ ಬೆರೆಸುವ ನೀರು ಇವನ್ನೆಲ್ಲ ನೋಡಲು ಬಿಐಎಸ್ ಬೇಕಿಲ್ಲ. ಟ್ರೇಡ್ ಲೈಸೆನ್ಸ್ ಕೊಡುವ ಪಾಲಿಕೆಗಳು, ಬೆಂಗಳೂರಿರಲಿ ಹೈದರಾಬಾದಿರಲಿ, ಲೈಸೆನ್ಸ್‌ನ ಷರತ್ತಿನಲ್ಲೇ ಇದನ್ನು ಸೇರಿಸಬಹುದು.

ಅಲ್ಲಿಯವರೆಗೆ ಟ್ಯಾಟೂ ಹಾಕಿಸುವ ಮುನ್ನ ಇಂಕ್ ಬಾಟಲಿಯ ಲೇಬಲ್, ಬ್ಯಾಚ್ ನಂಬರ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ ಕೇಳಿ ಪಡೆಯಿರಿ. ಮುಂದೆ ವೈದ್ಯರು 'ಯಾವ ಇಂಕ್?' ಎಂದು ಕೇಳಿದಾಗ ತೋರಿಸಲು, ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಮುಂದಿಡಲು ನಿಮ್ಮ ಕೈಯಲ್ಲಿ ಇರುವುದು ಅಷ್ಟೇ.