ಸೋಸಿ ತೆಗೆದ ಹಕ್ಕಿಗಳನ್ನು ಉಳಿಸಿಡಿ

ಭಾರತ ಹವಾಮಾನ ಇಲಾಖೆಯ ಮಹಾನಿರ್ದೇಶಕರಿಗೆ,



ರೇಡಾರ್‌ಗಳಿಗೆ ಹಕ್ಕಿಗಳು ಕೊಡುವ ಕಾಟ ತಮಗೆ ಗೊತ್ತಿರುವುದೇ. ಹಕ್ಕಿಯ ಮೈಯಲ್ಲಿ ಬಹುಪಾಲು ನೀರು. ಮಳೆಹನಿಗೆ ತಾಗಿ ಮರಳುವ ಅಲೆ ಅದಕ್ಕೂ ತಾಗಿ ಮರಳುತ್ತದೆ. ರಾತ್ರಿ ವಲಸೆ ಹೊರಟ ಹಿಂಡು ಗಾಳಿಯ ವೇಗಕ್ಕೆ ತನ್ನ ರೆಕ್ಕೆಯ ವೇಗವನ್ನೂ ಕೂಡಿಸಿಕೊಂಡು ಸಾಗುವುದರಿಂದ ಡಾಪ್ಲರ್ ರೇಡಾರಿನ ಗಾಳಿಯ ಲೆಕ್ಕವೇ ತಪ್ಪಿಬಿಡುತ್ತದೆ. ಮುನ್ಸೂಚನೆಗೆ ಮುಂಚೆ ಹಕ್ಕಿಗಳನ್ನು ಸೋಸಿ ತೆಗೆಯುವುದು ಸರಿಯಾದ ಕೆಲಸ. ನನ್ನ ಅಹವಾಲು, ಸೋಸಿ ತೆಗೆದದ್ದನ್ನು ದಯವಿಟ್ಟು ಎಸೆಯಬೇಡಿ ಎಂಬುದು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ರೇಡಾರ್‌ಗಳ ಪರದೆಯ ಮೇಲೆ ವಿಮಾನವೂ ಅಲ್ಲದ, ಹಡಗೂ ಅಲ್ಲದ ಗುರುತುಗಳು ಮೂಡುತ್ತಿದ್ದವು. ಅವು ಹಕ್ಕಿಗಳೆಂದು ಜೀವವಿಜ್ಞಾನಿಗಳಾದ ಡೇವಿಡ್ ಲ್ಯಾಕ್ ಮತ್ತು ಜಾರ್ಜ್ ವಾರ್ಲಿ 1945ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಸೈನಿಕರಿಗೆ ತಲೆನೋವಾಗಿದ್ದ ಆ ಚುಕ್ಕೆಗಳಿಂದಲೇ ವಲಸೆಯ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತು.

ಅಮೆರಿಕದ ಹವಾಮಾನ ರೇಡಾರ್‌ಗಳಲ್ಲಿ ಬೇಸಿಗೆಯ ಕೊನೆಯ ಬೆಳಗುಗಳನ್ನು ನೋಡಬೇಕು. ಪರ್ಪಲ್ ಮಾರ್ಟಿನ್ ಹಕ್ಕಿಗಳು ಸಾವಿರಗಟ್ಟಲೆ ಒಂದೇ ಕಡೆ ತಂಗಿ, ಹೊತ್ತು ಮೂಡುವ ಮುನ್ನ ಎಲ್ಲ ದಿಕ್ಕಿಗೂ ಒಟ್ಟಿಗೇ ಹಾರುತ್ತವೆ. ಪರದೆಯ ಮೇಲೆ ಮೊದಲೊಂದು ಚುಕ್ಕೆ, ಮುಂದಿನ ಚಿತ್ರದಲ್ಲಿ ಬಳೆ, ಅದರ ಮುಂದಿನದರಲ್ಲಿ ಇನ್ನೂ ದೊಡ್ಡ ಬಳೆ. ಆಮೇಲೆ ಅದು ಚದುರಿಹೋಗುತ್ತದೆ. ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಇಲ್ಲವಾಗಿವೆ ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನ ನೆಲದ ಮೇಲಿನ ಎಣಿಕೆಯ ಜೊತೆ ಈ ರೇಡಾರ್ ದಾಖಲೆಗಳನ್ನೂ ಆಧಾರವಾಗಿ ಬಳಸಿತು. ಮಳೆಗೆಂದು ಕೂಡಿಟ್ಟಿದ್ದ ಆ ದಾಖಲೆಗಳು ಅಳಿಸಿಹೋಗಿದ್ದರೆ ಆ ಸಾಕ್ಷ್ಯ ಎಲ್ಲಿಂದ ಸಿಗುತ್ತಿತ್ತು?

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆರೆಯ ದಂಡೆಯಲ್ಲಿ ನಿಂತು ಅವುಗಳನ್ನು ಎಣಿಸಬಹುದು. ಆದರೆ ಅವು ಯಾವ ರಾತ್ರಿ, ಎಷ್ಟು ಎತ್ತರದಲ್ಲಿ, ಯಾವ ದಾರಿಯಲ್ಲಿ ಬಂದವು ಎಂಬುದು ದುರ್ಬೀನಿಗೆ ನಿಲುಕದು, ರೇಡಾರಿಗೆ ನಿಲುಕಬಹುದು. ಇದೇ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಮುಂದಿನ ಯಂತ್ರ ಎಲ್ಲಿ ಏಳಬೇಕೆಂದು ನಿರ್ಧರಿಸುವವರ ಮುಂದೆ ಹಕ್ಕಿಗಳ ದಾರಿಯ ನಕ್ಷೆ ಇರಲೇಬೇಕು. ದೂರ ಹೋದಂತೆ ರೇಡಾರಿನ ಕಿರಣ ನೆಲದಿಂದ ಮೇಲೇರುತ್ತದೆ, ತಗ್ಗಿನಲ್ಲಿ ಹಾರುವುದು ಅದಕ್ಕೆ ಕಾಣದು, ನಿಜ. ಆದರೂ ಕಂಡಷ್ಟು ನಮಗೆ ಬೇಕು.

‘ಮಿಷನ್ ಮೌಸಮ್’ ಯೋಜನೆಯಲ್ಲಿ ಹೊಸ ಡಾಪ್ಲರ್ ರೇಡಾರ್‌ಗಳು ಬರುತ್ತಿರುವ ಹೊತ್ತಿಗೇ ಹಕ್ಕಿಗಳ ದಾಖಲೆ ಉಳಿಸುವುದನ್ನು ನಿರ್ಧರಿಸಬೇಕು. ಅಡ್ಡ ಮತ್ತು ಲಂಬ, ಎರಡೂ ಬಗೆಯ ಅಲೆ ಬಿಡುವ ರೇಡಾರ್‌ಗಳಿಗೆ ಮಳೆಹನಿ ಬೇರೆ, ಹಕ್ಕಿ ಬೇರೆ ಎಂದು ತಿಳಿಯುತ್ತದೆ. ಪ್ರತಿ ಕೇಂದ್ರದ ಸೋಸದ ಮೂಲ ದತ್ತಾಂಶವನ್ನು ವರ್ಷಗಟ್ಟಲೆ ಕಾಪಿಡಿ. ವಿಶ್ವವಿದ್ಯಾಲಯಗಳಿಗೂ ಪಕ್ಷಿ ಅಧ್ಯಯನ ಸಂಸ್ಥೆಗಳಿಗೂ ಅದನ್ನು ಉಚಿತವಾಗಿ ಕೊಡಿ. ರಕ್ಷಣಾ ಇಲಾಖೆಗೆ ಆಕ್ಷೇಪಗಳಿದ್ದರೆ ಕೆಲವು ತಿಂಗಳು ತಡಮಾಡಿಯಾದರೂ ಕೊಡಿ. ಮೊದಲಿಗೆ ಒಂದೇ ಕೇಂದ್ರದ, ಒಂದೇ ಚಳಿಗಾಲದ ದಾಖಲೆ ಸಿಕ್ಕರೂ ಕೆಲಸ ಶುರುವಾಗುತ್ತದೆ.

ಇಂತಿ,
ಗದಗ ಜಿಲ್ಲೆಯ ಒಬ್ಬ ಪಕ್ಷಿವೀಕ್ಷಕ